ಲೈವ್‌ವೆಲ್‌ಗೆ ನೀರು ಬರ್ತಿಲ್ವಾ? ಪಂಪ್ ಬಿಚ್ಚುವ ಮುಂಚೆ ಇಷ್ಟು ನೋಡಿ

ಸ್ವಿಚ್ ಹಾಕಿದರೆ ಗುಂಯ್ ಅಂತ ಸದ್ದು ಬರುತ್ತದೆ. ಮೀನು ಇಡುವ ತೊಟ್ಟಿಗೆ ಮಾತ್ರ ಒಂದು ಹನಿ ನೀರೂ ಬೀಳುವುದಿಲ್ಲ. ಮೀನು ಹಿಡಿಯುವ ಬೋಟ್ ಇಟ್ಟುಕೊಂಡವರಿಂದ ನಾನು ಜಾಸ್ತಿ ಕೇಳುವ ದೂರು ಇದೇ. ಅದಕ್ಕೆ ಹೆಚ್ಚಿನವರು ಮಾಡುವ ಮೊದಲ ಕೆಲಸ ಹೊಸ ಪಂಪ್ ತರುವುದು. ಹೊಸದು ಹಾಕಿದ ಮೇಲೂ ಅದೇ ಕಥೆ. ಯಾಕಂದ್ರೆ ಹಳೆಯ ಪಂಪಿಗೆ ಏನೂ ಆಗಿರುವುದಿಲ್ಲ. ಅದರ ಹೊಟ್ಟೆಯಲ್ಲಿ ಗಾಳಿ ಸೇರಿರುತ್ತದೆ, ಇಲ್ಲವೇ ಅದಕ್ಕೆ ಹೋಗುವ ವೈರಿನಲ್ಲಿ ಎಲ್ಲೋ ಕಿಲುಬು ಹಿಡಿದಿರುತ್ತದೆ. ಪಂಪ್ ಬದಲಿಸುವುದು ಕೊನೆಯ ಕೆಲಸ. ಅದಕ್ಕೆ ಮುಂಚೆ ಏನೇನು ನೋಡಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೇಳುವುದು ಅಮೆರಿಕದ ಕೆರೆಗಳಲ್ಲಿ ಓಡುವ 16ರಿಂದ 18 ಅಡಿಯ ಅಲ್ಯೂಮಿನಿಯಂ ಬೋಟುಗಳ ಬಗ್ಗೆ. ಡಾಲಸ್ ಸುತ್ತಮುತ್ತ ಇರುವ ಕನ್ನಡದವರಲ್ಲಿ ಒಂದಷ್ಟು ಜನ ಇಂಥ ಸೆಕೆಂಡ್ ಹ್ಯಾಂಡ್ ಬೋಟ್ ಕೊಂಡು ಟೆಕ್ಸೋಮಾ, ಲೇಕ್ ಫೋರ್ಕ್ ಕೆರೆಗಳ ಕಡೆ ಹೋಗುತ್ತಾರೆ. ಫೈಬರ್ ಬೋಟ್ ಆದರೂ ಪಂಪಿನ ಮಾತು ಹೆಚ್ಚೇನೂ ಬದಲಾಗುವುದಿಲ್ಲ.

ಹೊಸಬರಿಗೆ ಒಂದು ಮಾತು. ಲೈವ್‌ವೆಲ್ ಅಂದರೆ ಹಿಡಿದ ಮೀನನ್ನು ಜೀವಂತ ಇಡುವ ತೊಟ್ಟಿ. ಈ ಅಳತೆಯ ಬೋಟಿನಲ್ಲಿ ಅದು ಸಾಮಾನ್ಯವಾಗಿ 75ರಿಂದ 115 ಲೀಟರ್ ನೀರು ಹಿಡಿಯುತ್ತದೆ. ಅಮೆರಿಕದಲ್ಲಿ ಬಾಸ್ ಮೀನಿನ ಸ್ಪರ್ಧೆಗಳನ್ನು ಕಟ್ಟಿ ಬೆಳೆಸಿದ ರೇ ಸ್ಕಾಟ್ 1972ರಲ್ಲಿ, ಹಿಡಿದ ಮೀನನ್ನು ಕೊಲ್ಲಬೇಡಿ, ತೂಕ ಮಾಡಿ ವಾಪಸ್ ಬಿಡಿ ಅಂತ ಶುರು ಮಾಡಿದರು. ಆಮೇಲೆ ಇಂಥ ತೊಟ್ಟಿ ಇಲ್ಲದ ಬಾಸ್ ಬೋಟ್ ಇಲ್ಲ ಅನ್ನುವಷ್ಟು ಅದು ಹರಡಿತು. ಪಂಪ್ ನಿಂತರೆ ಬೇಸಿಗೆಯಲ್ಲಿ ಆ ಮೀನುಗಳಿಗೆ ಜಾಸ್ತಿ ಹೊತ್ತು ಇರುವುದಿಲ್ಲ.

ಈ ಪಂಪ್ ನೀರನ್ನು ಎಳೆಯುವುದಿಲ್ಲ

ಇದೊಂದು ಅರ್ಥವಾದರೆ ಅರ್ಧ ರಿಪೇರಿ ಮುಗಿದ ಹಾಗೆ. ಲೈವ್‌ವೆಲ್‌ಗೆ ನೀರು ತುಂಬುವ ಈ ಏರೇಟರ್ ಪಂಪ್ ಸೆಂಟ್ರಿಫ್ಯೂಗಲ್ ಜಾತಿಯದು. ಒಳಗೊಂದು ಪುಟ್ಟ ಇಂಪೆಲ್ಲರ್, ಅಂದರೆ ರೆಕ್ಕೆಯಿರುವ ಚಕ್ರ, ತಿರುಗಿ ತನ್ನ ಹತ್ತಿರ ಇರುವ ನೀರನ್ನು ಹೊರಕ್ಕೆ ಎಸೆಯುತ್ತದೆ. ಹತ್ತಿರ ನೀರೇ ಇಲ್ಲದಿದ್ದರೆ ಗಾಳಿಯಲ್ಲಿ ಸುಮ್ನೆ ಸುತ್ತುತ್ತದೆ. ಊರಲ್ಲಿ ತೆರೆದ ಬಾವಿಯ ಪಂಪ್‌ಸೆಟ್ಟಿಗೆ ಫುಟ್‌ವಾಲ್ವ್ ಲೀಕ್ ಆದಾಗ ಕೊಡದಲ್ಲಿ ನೀರು ಹುಯ್ದು ಶುರು ಮಾಡುತ್ತಿದ್ದರಲ್ಲ, ಇದೂ ಅದೇ ಸಂಗತಿ. ಬೋಟಿನಲ್ಲಿ ಕೊಡದ ಕೆಲಸವನ್ನು ಕೆರೆಯೇ ಮಾಡಬೇಕು. ಅಂದರೆ ಪಂಪ್ ಯಾವಾಗಲೂ ನೀರಿನ ಮಟ್ಟಕ್ಕಿಂತ ಕೆಳಗೆ ಇರಬೇಕು, ನೀರು ತಾನಾಗಿ ಬಂದು ಅದರ ಒಳಗೆ ತುಂಬಿಕೊಳ್ಳಬೇಕು.

ಹಾಗಾಗಿ ಟ್ರೇಲರ್ ಮೇಲೆ ನಿಂತ ಬೋಟಿನಲ್ಲಿ ಸ್ವಿಚ್ ಹಾಕಿ "ನೀರು ಬರ್ತಿಲ್ಲ" ಅಂದರೆ ಅದು ದೋಷವಲ್ಲ. ಜತೆಗೆ ಒಣಗಿದ್ದಾಗ ತುಂಬಾ ಹೊತ್ತು ಓಡಿಸಿದರೆ ಶಾಫ್ಟಿನ ಸೀಲ್ ಕಾಯುತ್ತದೆ. ಅದನ್ನು ತಂಪಾಗಿ, ಜಾರುವಂತೆ ಇಡುವುದು ನೀರೇ. ಸದ್ದು ಬರುತ್ತದಾ ಅಂತ ನೋಡಲು ಒಂದೆರಡು ಸೆಕೆಂಡ್ ಸಾಕು.

ಹೊಸದಾಗಿ ಹಾಕುವಾಗ

ಅಳತೆಯ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವುದು ಜಾಸ್ತಿ. ಪಂಪಿನ ಮೇಲೆ 500 ಅಂತ ಬರೆದಿದ್ದರೆ ಗಂಟೆಗೆ 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರ್. 800 ಅಂದರೆ ಸುಮಾರು 3,000 ಲೀಟರ್. ಈ ಲೆಕ್ಕ ನೀರನ್ನು ಮೇಲಕ್ಕೆ ಎತ್ತದೆ, ಪೂರ್ತಿ ಬ್ಯಾಟರಿ ಇದ್ದಾಗಿನದು. ಹೋಸ್ ಏರಿ, ತಿರುಗಿ, ಸ್ಪ್ರೇ ತಲೆಯ ಸಣ್ಣ ತೂತುಗಳಿಂದ ಬರುವ ಹೊತ್ತಿಗೆ ಅಷ್ಟು ಸಿಗುವುದಿಲ್ಲ. ಆದರೂ 100 ಲೀಟರಿನ ತೊಟ್ಟಿಗೆ 500ರದು ಸಾಕು. ದೊಡ್ಡದು ಹಾಕಿದರೆ ಹೊರಹೋಗುವ ಓವರ್‌ಫ್ಲೋ ಪೈಪ್ ಅಷ್ಟು ನೀರನ್ನು ತಡೆದುಕೊಳ್ಳಬೇಕು ಅನ್ನುವುದನ್ನು ಮರೆಯುತ್ತಾರೆ. ತೊಟ್ಟಿ ತುಂಬಿ ಬೋಟಿನ ಒಳಗೇ ಹರಿಯುವುದು ಹಾಗೆ.

ಜಾಗ ಮಾತ್ರ ಯೋಚಿಸಿ ಆರಿಸಬೇಕು. ಹಿಂಬದಿಯ ಹಲಗೆಯ ಕೆಳಭಾಗದಲ್ಲಿ, ತಳದ ಏಣುಗಳ ನೇರಕ್ಕೆ ಬರದ ಕಡೆ ಇರಲಿ. ಏಣುಗಳ ಹಿಂದೆ ಬೋಟ್ ಓಡುವಾಗ ನೀರು ನೊರೆನೊರೆಯಾಗಿರುತ್ತದೆ. ಆ ನೊರೆಯನ್ನೇ ಪಂಪ್ ನುಂಗುತ್ತದೆ. ಹಾಗೇ ಪ್ರೊಪೆಲ್ಲರಿನ ಸರಿಯಾಗಿ ಮುಂದೆಯೂ ಬೇಡ. ಒಳಹರಿವಿನ ತೂತಿಗೆ ಹೊರಗಿನಿಂದ ಹಾಕುವ ಜಾಲರಿಯಲ್ಲಿ ಎರಡು ಬಗೆ ಇವೆ. ಒಂದು ಚಪ್ಪಟೆ. ಇನ್ನೊಂದು ಬಾಯಿ ತೆರೆದ ಸೌಟಿನ ಹಾಗಿರುವ ಸ್ಕೂಪ್. ಬೋಟ್ ಓಡುವಾಗಲೂ ನೀರು ಬರಬೇಕು ಅಂದರೆ ಸ್ಕೂಪೇ ಬೇಕು, ಅದರ ಬಾಯಿ ಮುಂದಕ್ಕೆ ಇರಬೇಕು. ಬಾಯಿ ಹಿಂದಕ್ಕೆ ಮಾಡಿ ಕೂರಿಸಿದರೆ ಓಟದಲ್ಲಿ ಅದು ತೊಟ್ಟಿಯ ಕಡೆಯಿಂದಲೇ ನೀರು ಹೀರಿ ಹೊರಕ್ಕೆ ಬಿಡುತ್ತದೆ. ಈ ಒಂದು ತಪ್ಪಿಗೆ ಎಷ್ಟು ಒಳ್ಳೆಯ ಪಂಪ್ ಕಸದ ಬುಟ್ಟಿಗೆ ಹೋಗಿವೆಯೋ!

ಅಲ್ಯೂಮಿನಿಯಂ ಬೋಟಿಗೆ ಕಂಚು, ಹಿತ್ತಾಳೆಯ ಥ್ರೂ-ಹಲ್ (ಒಳಹರಿವಿನ ತೂತಿನಲ್ಲಿ ಕೂರಿಸುವ ನಳಿಗೆ) ಹಾಕಬೇಡಿ. ಎರಡು ಲೋಹ ನೀರಿನಲ್ಲಿ ಮುಟ್ಟಿಕೊಂಡರೆ ಅಲ್ಯೂಮಿನಿಯಮ್ಮೇ ಸವೆಯುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದು ಒಳ್ಳೆಯದು. ಸೀಲಂಟ್ ಟ್ಯೂಬಿನ ಮೇಲಿರುವುದನ್ನು ಓದಿ. ಪಾಲಿಸಲ್ಫೈಡ್ ಸೀಲಂಟ್ ಎಬಿಎಸ್‌ನಂಥ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಬಿರುಕು ಬರಿಸುತ್ತದೆ. ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲಿ ಬಿಗಿಮಾಡಿ, ಆಮೇಲೆ ಪಾನಾದಿಂದ ಅರ್ಧ ಸುತ್ತು ಸಾಕು. "ಇನ್ನೊಂಚೂರು" ಅಂತ ತಿರುಗಿಸಿದವರು ನೀರಿನ ಕೆಳಗೆ ಒಂದು ಬಿರುಕು ಮಾಡಿ ಬಿಟ್ಟಿರುತ್ತಾರೆ. ಜಾಗ ಇದ್ದರೆ ಥ್ರೂ-ಹಲ್‌ಗೂ ಪಂಪಿಗೂ ನಡುವೆ ಒಂದು ಬಂದ್ ಮಾಡುವ ವಾಲ್ವ್ ಹಾಕಿ. ಮುಂದೆ ಪಂಪ್ ಬಿಚ್ಚಬೇಕಾದಾಗ ಬೋಟನ್ನು ನೀರಿನಿಂದ ಎತ್ತುವ ಕೆಲಸ ತಪ್ಪುತ್ತದೆ.

ಹೋಸ್ ಪಂಪಿನಿಂದ ತೊಟ್ಟಿಯವರೆಗೆ ಏರುತ್ತಲೇ ಹೋಗಬೇಕು. ಮಧ್ಯದಲ್ಲಿ ಜೋತುಬಿದ್ದರೆ ಆ ತಗ್ಗಿನಲ್ಲಿ ನೀರು ನಿಂತು ಅದರ ಹಿಂದೆ ಗಾಳಿ ಸಿಕ್ಕಿಕೊಳ್ಳುತ್ತದೆ. ಪಂಪಿನ ಹೊರಬಾಯಿಯೂ ಮೇಲ್ಮುಖ ಇರಲಿ, ಕಡೇಪಕ್ಷ ಅಡ್ಡಕ್ಕೆ ಇರಲಿ. ಕೆಳಮುಖ ಆದರೆ ಗಾಳಿಗುಳ್ಳೆಗೆ ಹೋಗಲು ದಾರಿಯೇ ಇಲ್ಲ. ಇನ್ನು ಕೆಲವರು ನೀರು ವಾಪಸ್ ಹೋಗಬಾರದು ಅಂತ ಚೆಕ್‌ವಾಲ್ವ್ ಹಾಕುತ್ತಾರೆ. ಇಷ್ಟು ಸಣ್ಣ ಪಂಪಿಗೆ ಅದನ್ನು ತಳ್ಳಿ ತೆರೆಯುವ ಶಕ್ತಿ ಕಡಿಮೆ. ಗಾಳಿ ಹಿಡಿದುಕೊಳ್ಳುವುದೂ ಅದರ ಹಿಂದೆಯೇ. ನಾನು ಹಾಕುವುದಿಲ್ಲ.

ವೈರಿನ ಲೆಕ್ಕ ಹೀಗೆ. ಸ್ವಿಚ್ ಮುಂದೆ, ಪಂಪ್ ಹಿಂದೆ. ಹೋಗಿ ಬರುವ ದಾರಿ ಸೇರಿ ಸುಮಾರು 10 ಮೀಟರ್ ಅಂದುಕೊಳ್ಳಿ. ಪಂಪ್ 3 ಆಂಪ್ ಎಳೆದರೆ, 18 ಗೇಜ್ ತೆಳು ವೈರಿನಲ್ಲಿ ದಾರಿಯಲ್ಲೇ 0.6 ವೋಲ್ಟ್ ಹೋಗುತ್ತದೆ. ದಪ್ಪನೆಯ 14 ಗೇಜ್ ಆದರೆ 0.25. ದುಡ್ಡಿನ ವ್ಯತ್ಯಾಸ ಏನೂ ಇಲ್ಲ, 14 ಗೇಜೇ ಎಳೆಯಿರಿ. ತವರ ಲೇಪಿಸಿದ ಮೆರೈನ್ ವೈರ್ ಬೇಕು, ಬರೀ ತಾಮ್ರ ಒದ್ದೆಯಲ್ಲಿ ಒಳಗೊಳಗೇ ಕಪ್ಪಾಗುತ್ತಾ ಹೋಗುತ್ತದೆ. ಜೋಡಣೆಗೆ ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ಕನೆಕ್ಟರ್. ಟೇಪ್ ಸುತ್ತಿ ಬಿಡಬೇಡಿ. ಫ್ಯೂಸ್ ಎಷ್ಟು ಆಂಪಿನದು ಅಂತ ಪಂಪಿನ ಮೈಮೇಲೇ ಬರೆದಿರುತ್ತದೆ.

ಕರೆಂಟ್ ಎಲ್ಲಿಂದ ತೆಗೆದುಕೊಳ್ಳುತ್ತೀರಿ ನೋಡಿಕೊಳ್ಳಿ. ಟ್ರೋಲಿಂಗ್ ಮೋಟಾರಿಗೆ (ಬೋಟನ್ನು ನಿಧಾನಕ್ಕೆ ಸಾಗಿಸುವ ಬ್ಯಾಟರಿ ಮೋಟಾರ್) ಎರಡು ಬ್ಯಾಟರಿ ಸೀರೀಸಿನಲ್ಲಿ ಇದ್ದರೆ ಅಲ್ಲಿ 24 ವೋಲ್ಟ್ ಇರುತ್ತದೆ. 12 ವೋಲ್ಟಿನ ಪಂಪನ್ನು ಅದಕ್ಕೆ ಕೊಟ್ಟರೆ ಸ್ವಲ್ಪ ಹೊತ್ತು ಭರ್ಜರಿಯಾಗಿ ನೀರು ಬರುತ್ತದೆ, ಆಮೇಲೆ ಸುಟ್ಟ ವಾಸನೆ ಬರುತ್ತದೆ.

ಮೊದಲು ಕಿವಿ, ಆಮೇಲೆ ಮೀಟರ್

ಈಗ ದೋಷದ ವಿಷಯಕ್ಕೆ ಬರೋಣ. ಬೋಟ್ ನೀರಿನಲ್ಲಿರಲಿ. ಬಿಲ್ಜ್‌ನಲ್ಲಿ, ಅಂದರೆ ಬೋಟಿನ ಒಳಗಿನ ತಳದಲ್ಲಿ, ಪೆಟ್ರೋಲ್ ವಾಸನೆ ಇದ್ದರೆ ಮೊದಲು ಗಾಳಿಯಾಡಲು ಬಿಡಿ, ಸ್ವಿಚ್ ಮುಟ್ಟಬೇಡಿ. ಎಂಜಿನ್ ಆಫ್ ಮಾಡಿ, ಹಿಂದಿನ ಮುಚ್ಚಳ ತೆಗೆದು, ಇನ್ನೊಬ್ಬರಿಗೆ ಸ್ವಿಚ್ ಹಾಕಲು ಹೇಳಿ. ಸುಮ್ಮನೆ ಕೇಳಿಸಿಕೊಳ್ಳಿ.

ನೀರು ತಳ್ಳುತ್ತಿರುವ ಪಂಪಿನ ಸದ್ದು ದಪ್ಪ. ಗಾಳಿ ಹಿಡಿದ ಪಂಪಿನ ಸದ್ದು ತೆಳು, ಚುರುಕು, ಏನೋ ಹಗುರಾದ ಹಾಗೆ. ಇಂಪೆಲ್ಲರ್ ಕಚ್ಚಿಕೊಂಡಿದ್ದರೆ ಒಂದು ಸಣ್ಣ 'ಟಿಕ್', ಆಮೇಲೆ ಬರೀ ಗುರ್ರ್ ಅನ್ನುವ ಮಂದ ಸದ್ದು, ಅಥವಾ ಅದೂ ಇಲ್ಲ, ಮೈಮೇಲೆ ಕೈ ಇಟ್ಟರೆ ಬಿಸಿ. ಏನೂ ಸದ್ದಿಲ್ಲ, ಬಿಸಿಯೂ ಇಲ್ಲ ಅಂದರೆ ಕರೆಂಟ್ ಬರುತ್ತಿಲ್ಲ, ಅಥವಾ ಮೋಟಾರ್ ಹೋಗಿದೆ.

ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೂ ಖಚಿತ. ಡಿಸಿ ಅಳೆಯುವಂಥದ್ದೇ ಬೇಕು, ಮನೆ ವೈರಿಂಗಿಗೆ ಬಳಸುವ ಎಷ್ಟೋ ಮೀಟರುಗಳು ಎಸಿ ಮಾತ್ರ ಅಳೆಯುತ್ತವೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ಹೋಸ್ ಕಟ್ಟಿಕೊಂಡಿದ್ದರೆ ಪಂಪ್ ಕಷ್ಟಪಡುತ್ತದೆ, ಆಂಪ್ ಏರುತ್ತದೆ ಅಂತ ಅಂದುಕೊಳ್ಳುತ್ತಾರೆ, ಅಲ್ವಾ? ಈ ಜಾತಿಯ ಪಂಪಿನಲ್ಲಿ ಉಲ್ಟಾ. ನೀರು ಹರಿಯದಿದ್ದರೆ ಮಾಡುವ ಕೆಲಸವೇ ಕಡಿಮೆ, ಹಾಗಾಗಿ ಆಂಪ್ ಇಳಿಯುತ್ತದೆ. ಪಂಪಿನ ಮೇಲೆ ಬರೆದದ್ದಕ್ಕಿಂತ ಚೆನ್ನಾಗಿ ಕಡಿಮೆ ಆಂಪ್ ತೋರಿಸಿದರೆ ಗಾಳಿ, ಇಲ್ಲವೇ ಎಲ್ಲೋ ದಾರಿ ಕಟ್ಟಿದೆ. ಬರೆದದ್ದಕ್ಕಿಂತ ತುಂಬಾ ಜಾಸ್ತಿ ತೋರಿಸಿ ಫ್ಯೂಸ್ ಹಾರಿದರೆ ಇಂಪೆಲ್ಲರ್ ಕಚ್ಚಿಕೊಂಡಿದೆ, ಇಲ್ಲವೇ ವೈರ್ ಶಾರ್ಟ್ ಆಗಿದೆ.

ಸದ್ದು ಇದೆ, ನೀರಿಲ್ಲ

ಮೊದಲ ಗುಮಾನಿ ಗಾಳಿ. ಬೋಟ್ ಜೋರಾಗಿ ಓಡಿ ನಿಂತ ಮೇಲೆ, ಅಥವಾ ಟ್ರೇಲರಿನಿಂದ ನೀರಿಗೆ ಇಳಿಸಿದ ಕೂಡಲೇ ಹೀಗಾದರೆ ಬೇರೆ ಏನೂ ಹುಡುಕಬೇಡಿ. ಪಂಪ್ ಆನ್ ಇಟ್ಟು, ಹಿಂದೆ ಯಾರೂ ಇಲ್ಲ ಅಂತ ನೋಡಿ, ಎಂಜಿನ್ನನ್ನು ರಿವರ್ಸಿಗೆ ಹಾಕಿ ನಿಧಾನಕ್ಕೆ ಹಿಂದೆ ಹೋಗಿ. ಹಿಂಬದಿಯ ಹಲಗೆಗೆ ನೀರು ಒತ್ತುತ್ತದೆ, ಒಳಬಾಯಿಯಿಂದ ನುಗ್ಗಿ ಗಾಳಿಯನ್ನು ಹೋಸಿನ ಕಡೆಗೆ ತಳ್ಳುತ್ತದೆ. ತೊಟ್ಟಿಯ ನಳಿಗೆಯಲ್ಲಿ ಮೊದಲು ಬುಸ್ ಅಂತ ಗಾಳಿ, ಆಮೇಲೆ ಕೆಮ್ಮಿದ ಹಾಗೆ ಎರಡು ಮೂರು ಸಲ ನೀರು, ಆಮೇಲೆ ನೇರ ಧಾರೆ. ಪಂಪಿನ ಸದ್ದು ಆ ಹೊತ್ತಿಗೆ ದಪ್ಪಗಾಗಿರುತ್ತದೆ.

ಅದಕ್ಕೂ ಬಗ್ಗದಿದ್ದರೆ ಪಂಪಿನ ಹೊರಬಾಯಿಯ ಹೋಸ್ ಕ್ಲ್ಯಾಂಪ್ ಸಡಿಲ ಮಾಡಿ ಹೋಸನ್ನು ಸ್ವಲ್ಪ ಎಳೆಯಿರಿ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಗಾಳಿ ಹೋಗಿ ನೀರು ತಾನಾಗಿ ಉಕ್ಕುತ್ತದೆ. ಕೂಡಲೇ ಹೋಸ್ ಸೇರಿಸಿ ಬಿಗಿಮಾಡಿ. ನೀರು ಉಕ್ಕಲೇ ಇಲ್ಲವಾ? ಹಾಗಾದರೆ ಗಾಳಿಯಲ್ಲ, ಒಳಬಾಯಿಯೇ ಮುಚ್ಚಿದೆ. ಬಳ್ಳಿಯಂಥ ಹೈಡ್ರಿಲ್ಲಾ ಗಿಡ, ಪ್ಲಾಸ್ಟಿಕ್ ಚೂರು, ಎಲೆ ಏನಾದರೂ ಇರುತ್ತದೆ. ಟೆಕ್ಸೋಮಾದಲ್ಲಿ ಸ್ಟ್ರೈಪರ್ ಮೀನು ಹಿಡಿಯಲು ಎರೆಯಾಗಿ ಜೀವಂತ ಶಾಡ್ ಮೀನು ಇಡುವವರಿಗೆ ಇನ್ನೊಂದು ಕಾಟ. ಶಾಡ್‌ನ ಹುರುಪೆ ಮೈಯಿಂದ ಸುಲಭವಾಗಿ ಉದುರುತ್ತದೆ. ತೊಟ್ಟಿಯ ನೀರನ್ನೇ ಮತ್ತೆ ಸುತ್ತಿಸುವ ಪಂಪಿನ ಜಾಲರಿಯ ಮೇಲೆ ಅದು ಒಂದರ ಮೇಲೊಂದು ಅಂಟಿ ಕಾಗದದ ಹಾಳೆಯಂತೆ ಕೂತುಬಿಡುತ್ತದೆ. ಕೈಯಲ್ಲಿ ಸವರಿದರೆ ಗೊತ್ತಾಗುತ್ತದೆ, ಕಣ್ಣಿಗೆ ಜಾಲರಿ ಚೊಕ್ಕಟ ಇದ್ದ ಹಾಗೇ ಕಾಣುತ್ತದೆ.

ಪ್ರತಿ ಸಲವೂ ಗಾಳಿ ಹಿಡಿಯುತ್ತಿದ್ದರೆ ಅದು ಜೋಡಣೆಯ ದೋಷ. ಹೋಸಿನ ತಗ್ಗು, ಸ್ಕೂಪಿನ ದಿಕ್ಕು, ಪಂಪಿನ ಎತ್ತರ, ಈ ಮೂರನ್ನು ನೋಡಿ. ಬೋಟಿನ ಹಿಂದೆ ಭಾರ ಕಡಿಮೆಯಾಗಿ ಹಿಂಬದಿ ಮೇಲೆದ್ದರೂ ಪಂಪ್ ನೀರಿನ ಮಟ್ಟಕ್ಕೆ ಬಂದುಬಿಡುತ್ತದೆ. ಎರಡು ಬ್ಯಾಟರಿಯನ್ನು ಹಿಂದಿನಿಂದ ಮುಂದಕ್ಕೆ ಸಾಗಿಸಿದ ಮೇಲೆ ಪಂಪ್ ಕೈಕೊಟ್ಟಿದ್ದನ್ನು ನೋಡಿದ್ದೇನೆ.

ನೀರು ಬರುತ್ತೆ, ಆದರೆ ಮೂತ್ರ ಹೊಯ್ದ ಹಾಗೆ

ಹೊಸ ಪಂಪ್ ಹಾಕಿದ ಮರುದಿನವೇ ಹೀಗಾದರೆ ಪ್ಲಸ್, ಮೈನಸ್ ಅದಲುಬದಲು ಆಗಿದೆಯಾ ನೋಡಿ. ಇಂಥ ಮೋಟಾರ್ ಉಲ್ಟಾ ವೈರ್ ಕೊಟ್ಟರೂ ತಿರುಗುತ್ತದೆ, ಉಲ್ಟಾ ದಿಕ್ಕಿಗೆ. ಉಲ್ಟಾ ತಿರುಗಿದರೂ ಒಂದಿಷ್ಟು ನೀರು ಬರುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಹಲವು ಪಂಪುಗಳಲ್ಲಿ ಕಂದು ವೈರ್ ಪ್ಲಸ್, ಕಪ್ಪು ಮೈನಸ್. ಮನೆಯ ವೈರಿಂಗ್ ನೋಡಿ ಅಭ್ಯಾಸವಾದವರು ಕಪ್ಪನ್ನು ಲೈವ್ ಅಂದುಕೊಂಡು ಕೊಟ್ಟುಬಿಡುತ್ತಾರೆ, ಯಾಕಂದ್ರೆ ಅಮೆರಿಕದ ಮನೆಗಳಲ್ಲಿ ಕಪ್ಪೇ ಲೈವ್. ಪಂಪಿನ ಜತೆ ಬಂದ ಚೀಟಿ ನೋಡಿ ಖಾತ್ರಿ ಮಾಡಿಕೊಳ್ಳಿ.

ಮುಂಚೆ ಚೆನ್ನಾಗಿದ್ದು ಬರಬರುತ್ತಾ ಧಾರೆ ಸಣ್ಣಗಾದರೆ ಇಂಪೆಲ್ಲರ್ ನೋಡಬೇಕು. ಈಗಿನ ಹೆಚ್ಚಿನ ಪಂಪುಗಳಲ್ಲಿ ಮೋಟಾರ್ ಒಂದು ಕಾರ್ಟ್ರಿಜ್. ಪಕ್ಕದ ಗುಂಡಿಯನ್ನು ಒತ್ತಿ ಸ್ವಲ್ಪ ತಿರುಗಿಸಿದರೆ ಕೈಗೆ ಬರುತ್ತದೆ. ನೆನಪಿರಲಿ, ವಾಲ್ವ್ ಬಂದ್ ಮಾಡದೆ ನೀರಿನಲ್ಲಿ ಇದನ್ನು ಬಿಚ್ಚಿದರೆ ಕೆರೆ ಬೋಟಿನೊಳಗೆ ಬರುತ್ತದೆ. ಬಿಚ್ಚಿದ ಮೇಲೆ ಇಂಪೆಲ್ಲರಿನ ಮುಂದೆ ಮಾತ್ರ ನೋಡಿ ಚೊಕ್ಕಟ ಇದೆ ಅಂತ ಬಿಡಬೇಡಿ. ಅದರ ಹಿಂದೆ, ಶಾಫ್ಟಿನ ಬುಡದಲ್ಲಿ ನೋಡಿ. ಗಾಳದ ದಾರ ಅಲ್ಲಿ ಸುತ್ತಿಕೊಂಡಿರುತ್ತದೆ. ತೆಳು ಫ್ಲೋರೋಕಾರ್ಬನ್ ದಾರವಂತೂ ನೀರಿನಲ್ಲಿ ಕಾಣಿಸುವುದೇ ಇಲ್ಲ, ಒದ್ದೆ ಶಾಫ್ಟಿನ ಮೇಲೂ ಕಾಣಿಸುವುದಿಲ್ಲ. ಉಗುರಿನಿಂದ ಕೆರೆದರೆ ಸಿಗುತ್ತದೆ. ಸೂಜಿಮೂತಿಯ ಇಕ್ಕಳದಿಂದ ತುದಿ ಹಿಡಿದು ಉಲ್ಟಾ ಸುತ್ತು ಬಿಚ್ಚಿ. ಬ್ಲೇಡಿನಿಂದ ಕುಯ್ಯಲು ಹೋದರೆ ಸೀಲಿಗೆ ತಾಗುತ್ತದೆ. ದಾರ ಸೀಲಿನ ಒಳಗೇ ಹೋಗಿದ್ದರೆ ಆ ಮೋಟಾರಿನ ಆಯಸ್ಸು ಮುಗಿಯುತ್ತಾ ಬಂತು ಅಂತ ಲೆಕ್ಕ. ಒಳಗೆ ನೀರು ಇಳಿಯುತ್ತದೆ.

ಸ್ಪ್ರೇ ತಲೆಯ ತೂತುಗಳಲ್ಲಿ ಸುಣ್ಣದ ಪುಡಿ ಕೂತಿದ್ದರೂ ಧಾರೆ ಸಣ್ಣಗಾಗುತ್ತದೆ. ವಿನೆಗರಿನಲ್ಲಿ ರಾತ್ರಿ ನೆನೆಸಿಡಿ.

ಮೀಟರ್ ಹಿಡಿದು ಕಳ್ಳನನ್ನು ಹುಡುಕುವುದು

ಇಂಪೆಲ್ಲರ್ ಚೊಕ್ಕಟ, ಗಾಳಿಯಿಲ್ಲ, ಆದರೂ ಪಂಪ್ ಸುಸ್ತಾದ ಹಾಗೆ ತಿರುಗುತ್ತದೆ. ಇಲ್ಲಿ ವೋಲ್ಟ್‌ಮೀಟರ್ ಬೇಕು. ಒಂದೇ ನಿಯಮ: ಪಂಪ್ ಓಡುತ್ತಿರುವಾಗ ಅಳೆಯಿರಿ. ಪಂಪಿನ ವೈರ್ ಬಿಚ್ಚಿ ಅಳೆದರೆ ಎಷ್ಟೇ ಕೊಳೆತ ಜೋಡಣೆಯಲ್ಲೂ ಮೀಟರ್ 12.6 ತೋರಿಸುತ್ತದೆ, ಯಾಕಂದ್ರೆ ಮೀಟರ್ ಎಳೆಯುವ ಕರೆಂಟ್ ಏನೇನೂ ಇಲ್ಲ. ಭಾರ ಬಿದ್ದಾಗಲೇ ಸುಳ್ಳು ಹೊರಬೀಳುವುದು.

ಗೆಳೆಯರೊಬ್ಬರ ಬೋಟಿನಲ್ಲಿ ನಡೆದದ್ದು ಹೇಳುತ್ತೇನೆ. ಅದರಲ್ಲಿ ಎರಡು ಸಲ ಪಂಪ್ ಬದಲಾಗಿತ್ತು. ರಿಪೇರಿ ಅಂಗಡಿಯವರೂ ಪಂಪನ್ನೇ ದೂರಿದ್ದರು. ಪಂಪ್ ಓಡುವಾಗ ಬ್ಯಾಟರಿ ತುದಿಗಳಲ್ಲಿ 12.5 ವೋಲ್ಟ್ ಇತ್ತು. ಪಂಪಿನ ತುದಿಗಳಲ್ಲಿ 10.0. ಎರಡೂವರೆ ವೋಲ್ಟ್ ದಾರಿಯಲ್ಲಿ ಎಲ್ಲೋ ಹೋಗಿತ್ತು. ಎಲ್ಲಿ ಅಂತ ಹುಡುಕಲು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಪಂಪಿನ ಪ್ಲಸ್‌ಗೆ ಇಟ್ಟೆವು. 0.3. ಅಂದರೆ ಸ್ವಿಚ್, ಫ್ಯೂಸ್, ಉದ್ದ ವೈರ್ ಎಲ್ಲ ಸೇರಿ ಇಷ್ಟೇ, ಪರವಾಗಿಲ್ಲ. ಆಮೇಲೆ ಬ್ಯಾಟರಿಯ ಮೈನಸ್‌ನಿಂದ ಪಂಪಿನ ಮೈನಸ್‌ಗೆ. 2.2. ಕಳ್ಳ ಮೈನಸ್ ಕಡೆ ಇದ್ದಾನೆ.

ಮೈನಸ್ ವೈರನ್ನು ಬೆರಳಲ್ಲಿ ಸವರುತ್ತಾ ಬಂದರೆ ಬಿಲ್ಜ್ ಮೂಲೆಯಲ್ಲಿ ಕಪ್ಪು ಟೇಪ್ ಸುತ್ತಿದ ಒಂದು ಗಂಟು ಸಿಕ್ಕಿತು. ಟೇಪ್ ಜಿಗುಟಾಗಿ ಕೈಗೆ ಅಂಟುತ್ತಿತ್ತು. ಬಿಡಿಸಿದರೆ ಒಳಗೆ ಮಾಮೂಲಿ ಕಾರಿನ ಕನೆಕ್ಟರ್, ಅದರ ಬಾಯಿಂದ ಹಸಿರು ಪುಡಿ ಉದುರಿತು. ಹತ್ತಾರು ಎಳೆಗಳಲ್ಲಿ ನಾಲ್ಕೈದು ಮಾತ್ರ ಉಳಿದಿದ್ದವು. ಎರಡೂ ಕಡೆ ಹೊಳೆಯುವ ತಾಮ್ರ ಸಿಗುವವರೆಗೆ ವೈರ್ ಕತ್ತರಿಸಿ, ಹೊಸ ತುಂಡು ಸೇರಿಸಿ, ಅಂಟಿನ ಹೀಟ್‌ಶ್ರಿಂಕ್ ಹಾಕಿದ ಮೇಲೆ ಪಂಪಿನಲ್ಲಿ 12.1 ಬಂತು. ತೆಗೆದುಹಾಕಿದ್ದ ಹಳೆಯ ಪಂಪ್ ಎರಡನ್ನೂ ಬಕೆಟ್ ನೀರಿನಲ್ಲಿ ಇಟ್ಟು ನೋಡಿದರೆ ಎರಡೂ ಗಟ್ಟಿಮುಟ್ಟಾಗಿ ಓಡಿದವು.

ಸಾಮಾನ್ಯವಾಗಿ ಒಂದು ಬದಿಯಲ್ಲಿ 0.3 ವೋಲ್ಟಿಗಿಂತ ಜಾಸ್ತಿ ಹೋದರೆ ನಾನು ಬಿಡುವುದಿಲ್ಲ, ಹುಡುಕುತ್ತೇನೆ. ಪ್ಲಸ್ ಬದಿಯಲ್ಲಾದರೆ ಫ್ಯೂಸ್ ಹಿಡಿಯುವ ಕ್ಲಿಪ್ ಮೊದಲು. ಫ್ಯೂಸ್ ಸರಿಯಿದ್ದರೂ ಅದರ ಕಾಲುಗಳ ಮೇಲೆ ತುಕ್ಕು ಕೂತಿರುತ್ತದೆ. ಆಮೇಲೆ ಸ್ವಿಚ್ಚಿನ ಹಿಂಭಾಗ.

ಪೂರ್ತಿ ಸತ್ತಿದ್ದರೂ ಇದೇ ದಾರಿ. ಬ್ಯಾಟರಿ, ಫ್ಯೂಸಿನ ಈಚೆ, ಆಚೆ, ಸ್ವಿಚ್ಚಿನ ಈಚೆ, ಆಚೆ, ಪಂಪ್. ವೋಲ್ಟ್ ಎಲ್ಲಿ ಮಾಯವಾಯಿತೋ ಅಲ್ಲೇ ದೋಷ. ಪಂಪಿನ ತುದಿಯವರೆಗೂ ವೋಲ್ಟ್ ಬಂದು, ಇಂಪೆಲ್ಲರ್ ಬೆರಳಲ್ಲಿ ಸಲೀಸಾಗಿ ತಿರುಗಿ, ಆದರೂ ಓಡದಿದ್ದರೆ ಆಗ ಮೋಟಾರ್ ಹೋಗಿದೆ ಅನ್ನಬಹುದು.

ಟೈಮರ್ ಇರುವ ಬೋಟುಗಳಲ್ಲಿ ಒಂದು ಗೊಂದಲ ಇದೆ. ಆಟೋದಲ್ಲಿ ಇಟ್ಟರೆ ಪಂಪ್ ಸ್ವಲ್ಪ ಹೊತ್ತು ಓಡಿ, ಕೆಲವು ನಿಮಿಷ ನಿಂತು, ಮತ್ತೆ ಓಡುತ್ತದೆ. ಅದು ಇರುವುದೇ ಹಾಗೆ. ಆಟೋದಲ್ಲಿ ಓಡಲೇ ಇಲ್ಲ, ಮ್ಯಾನುಯಲ್‌ನಲ್ಲಿ ಓಡುತ್ತದೆ ಅಂದರೆ ಪಂಪಿಗೂ ವೈರಿಗೂ ದೋಷವಿಲ್ಲ, ಟೈಮರ್ ಡಬ್ಬಿ ಬದಲಿಸಿ.

ತೊಟ್ಟಿಯ ನೀರು ತಾನಾಗಿ ಇಳಿದುಹೋದರೆ

ಪಂಪ್ ಆಫ್ ಮಾಡಿದ ಮೇಲೆ ನೀರು ಬಂದ ದಾರಿಯಲ್ಲೇ ವಾಪಸ್ ಹೋಗುತ್ತಿರುತ್ತದೆ. ನಳಿಗೆ ತೊಟ್ಟಿಯ ನೀರಿನಲ್ಲಿ ಮುಳುಗಿದ್ದರೆ ಹೀಗಾಗುತ್ತದೆ. ನಳಿಗೆಯನ್ನು ತುಂಬಿದ ನೀರಿನ ಮಟ್ಟಕ್ಕಿಂತ ಮೇಲೆ ಕೂರಿಸಿದರೆ ಸರಿಯಾಗುತ್ತದೆ, ನೀರು ಮೇಲಿಂದ ಬೀಳುವುದರಿಂದ ಗಾಳಿಯೂ ಚೆನ್ನಾಗಿ ಬೆರೆಯುತ್ತದೆ. ತೊಟ್ಟಿ ಖಾಲಿಯಾಗುತ್ತಾ ಬಿಲ್ಜ್ ತುಂಬುತ್ತಿದ್ದರೆ ಮಾತ್ರ ಅದು ಬೇರೆ ಮಾತು. ಹೋಸ್ ಅಥವಾ ಪಂಪಿನ ಮೈ ಬಿರಿದಿದೆ, ಬೋಟನ್ನು ದಡಕ್ಕೆ ತನ್ನಿ.

ಬಿರಿಯುವುದು ಹೆಚ್ಚಾಗಿ ಚಳಿಗೆ. ಹೆಪ್ಪುಗಟ್ಟುವಾಗ ನೀರು ಸುಮಾರು 9 ಶೇಕಡಾ ಹಿಗ್ಗುತ್ತದೆ, ಪ್ಲಾಸ್ಟಿಕ್ ತಡೆಯುವುದಿಲ್ಲ. ಟೆಕ್ಸಾಸ್‌ನಲ್ಲಿ ಅಷ್ಟೆಲ್ಲ ಚಳಿ ಎಲ್ಲಿ ಅಂತ 2021ರ ಫೆಬ್ರುವರಿಯವರೆಗೆ ಅನ್ನಿಸುತ್ತಿತ್ತು. ಆ ಹಿಮಗಾಳಿಯಲ್ಲಿ ಮನೆಗಳ ಪೈಪುಗಳೇ ಒಡೆದವು. ಚಳಿಗಾಲಕ್ಕೆ ಬೋಟ್ ನಿಲ್ಲಿಸುವಾಗ ಮೂತಿ ಎತ್ತಿ ಇಡಿ, ಹೋಸಿನ ನೀರೆಲ್ಲ ಹಿಂದಕ್ಕೆ ಇಳಿದುಹೋಗಲಿ.

ಪಂಪ್ ಸರಿ, ಮೀನು ಮಾತ್ರ ಬದುಕುತ್ತಿಲ್ಲ

ಆಗಸ್ಟ್‌ನಲ್ಲಿ ಇದು ಕೇಳಿಬರುತ್ತದೆ. 20 ಡಿಗ್ರಿ ನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬಿಸಿನೀರಿನಲ್ಲಿ ಮೀನಿಗೆ ಬೇಕಾಗುವುದೂ ಜಾಸ್ತಿ. ಬಾಸ್‌ಗೆ 5ಕ್ಕಿಂತ ಮೇಲೆ ಇರಬೇಕು. ಕೆರೆಯ ಮೇಲ್ಪದರದ ಕಾದ ನೀರನ್ನೇ ಪಂಪ್ ತುಂಬುತ್ತಾ ಇದ್ದರೆ ಪ್ರಯೋಜನವಿಲ್ಲ. ಒಳಗಿನ ನೀರನ್ನೇ ಸುತ್ತಿಸುವ ಕಡೆಗೆ ವಾಲ್ವ್ ತಿರುಗಿಸಿ ಐಸ್ ಹಾಕಿ. 100 ಲೀಟರಿಗೆ 4 ಕೆಜಿ ಐಸ್ ಪೂರ್ತಿ ಕರಗಿದರೆ ಸುಮಾರು 4 ಡಿಗ್ರಿ ಇಳಿಯುತ್ತದೆ. ಒಮ್ಮೆಗೇ ಬೇಡ, ಎರಡು ಕಂತಿನಲ್ಲಿ ಹಾಕಿ. ನಲ್ಲಿ ನೀರಿನ ಐಸ್‌ನಲ್ಲಿ ಕ್ಲೋರಿನ್ ಇರುತ್ತದೆ, ಹಾಗಾಗಿ ಬಾಟಲಿಯಲ್ಲೇ ಹೆಪ್ಪುಗಟ್ಟಿಸಿ ಬಾಟಲಿ ಸಮೇತ ಇಳಿಬಿಡಿ.

ಆಳದಿಂದ ಎಳೆದ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದರೆ ಅದು ಗಾಳಿಚೀಲ ಉಬ್ಬಿದ್ದರಿಂದ. ಪಂಪನ್ನು ಬೈಯಬೇಡಿ.

ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಗಾಳದಿಂದ ಟ್ಯೂನಾ ಹಿಡಿಯುವ ಬೋಟುಗಳು ಜೀವಂತ ಬೈಟ್ ಮೀನನ್ನು ಹೊತ್ತೊಯ್ಯುತ್ತವೆ. ಅಲ್ಲಿನ ಸಾಂಪ್ರದಾಯಿಕ ತೊಟ್ಟಿಯ ತಳದಲ್ಲೇ ತೂತುಗಳು. ಬಿರಡೆ ತೆಗೆದರೆ ಸಮುದ್ರದ ನೀರು ತಾನೇ ಒಳಗೆ ಬರುತ್ತದೆ, ಹಳೆಯ ನೀರು ಹೋಗುತ್ತದೆ. ವೈರಿಲ್ಲ, ಫ್ಯೂಸಿಲ್ಲ! ಮೀನಿಗೆ ಬೇಕಾದದ್ದು ಹೊಸ ನೀರು, ಪಂಪ್ ಬರೀ ಅದಕ್ಕೊಂದು ದಾರಿ.

ಕೆರೆ ಬಿಡುವ ಮುಂಚೆ

ಟೆಕ್ಸೋಮಾದಲ್ಲಿ 2009ರಲ್ಲಿ ಜೀಬ್ರಾ ಮಸಲ್ ಅನ್ನುವ ಸಣ್ಣ ಚಿಪ್ಪಿನ ಪ್ರಾಣಿ ಸಿಕ್ಕಿತು, ಟೆಕ್ಸಾಸ್‌ಗೆ ಅದು ಮೊದಲು. ಅದರ ಮರಿಗಳು ಕಣ್ಣಿಗೆ ಕಾಣುವುದಿಲ್ಲ. ಲೈವ್‌ವೆಲ್ ನೀರಿನಲ್ಲಿ ಸವಾರಿ ಮಾಡಿಕೊಂಡು ಇನ್ನೊಂದು ಕೆರೆಗೆ ಹೋಗುತ್ತವೆ. ಪಂಪಿನ ಜಾಲರಿ, ಹೋಸಿನ ಒಳಗೆ ಅಂಟಿ ಬೆಳೆದರೆ ನೀರಿನ ದಾರಿಯನ್ನೇ ಕಟ್ಟುತ್ತವೆ. 2014ರಿಂದ ರಾಜ್ಯದ ಎಲ್ಲ ಸಾರ್ವಜನಿಕ ಕೆರೆಗಳಲ್ಲೂ ಬೋಟಿನ ನೀರನ್ನೆಲ್ಲ ಬಸಿದೇ ಹೊರಡಬೇಕು ಅನ್ನುವ ಕಾನೂನಿದೆ, ಲೈವ್‌ವೆಲ್ ಕೂಡ ಸೇರಿ. ರಾಂಪ್ ಮೇಲೆ ಬೋಟ್ ಎಳೆದು ಮೂತಿ ಎತ್ತಿದಾಗ ತೊಟ್ಟಿಯ ಬಿರಡೆ ತೆಗೆಯಿರಿ, ಬಿಲ್ಜ್ ಪ್ಲಗ್ ತೆಗೆಯಿರಿ, ಎಲ್ಲ ವಾಲ್ವ್ ತೆರೆಯಿರಿ. ಪಂಪಿನ ಒಳಗೆ ಉಳಿದ ಒಂದು ಲೋಟ ನೀರಿಗೆ ಸ್ವಿಚ್ ಒಂದೆರಡು ಸೆಕೆಂಡ್ ಹಾಕಿ ತೆಗೆದರೆ ಸಾಕು.